ಅನ್ನದ ಋಣ ಯಾರ ಮೇಲೆ?

ಕಾರ್ಖಾನೆಯ ಒಡೆಯ ಕೆಲಸಗಾರನಿಗೆ ಊಟ ಹಾಕುವುದು ದಯೆಯಿಂದಲ್ಲ. ಈ ಮಾತನ್ನು ಮೊದಲಿಗೇ ಹೇಳಿಬಿಡುತ್ತೇವೆ. ಯಾಕೆಂದರೆ ನಮ್ಮ ನಾಡಿನಲ್ಲಿ ಯಾರಾದರೂ ಯಾರಿಗಾದರೂ ಒಂದು ತುತ್ತು ಇಕ್ಕಿದರೆ ಸಾಕು, ಇಕ್ಕಿದವನು ಅನ್ನದಾತನಾಗುತ್ತಾನೆ, ಉಂಡವನು ಋಣಿಯಾಗುತ್ತಾನೆ. ಉಂಡ ಮನೆಗೆ ಎರಡು ಬಗೆಯಬಾರದು, ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯಬೇಕು ಅಂತ ನಮಗೆ ಬುದ್ಧಿ ಹೇಳಿದವರೆಲ್ಲ ಇಕ್ಕುವ ಕಡೆ ಕೂತವರು. ಆ ರಾಗಿ ಬೆಳೆದವರು ಯಾರು, ಬೀಸಿದವರು ಯಾರು, ಆ ಸೌದೆ ಒಡೆದವರು ಯಾರು ಅಂತ ಅವರು ಕೇಳಲಿಲ್ಲ. ಕೇಳುವ ಸರದಿ ನಮ್ಮದು.

ಜೀತದ ಮನೆಯ ಲೆಕ್ಕ ನಮಗೆ ಹೊಸದಲ್ಲ. ಹಗಲಿಗೊಂದು ಮುದ್ದೆ, ಇರುಳಿಗೊಂದು ಮುದ್ದೆ, ವರ್ಷಕ್ಕೊಂದು ಕಂಬಳಿ. ಹಟ್ಟಿಯ ಹುಡುಗ ಗೌಡರ ಹಿತ್ತಿಲ ಬಾಗಿಲಲ್ಲಿ ಕೂತು, ಮೇಲಿಂದ ಬಿದ್ದ ಸಾರಿಗೆ ಅಂಗೈ ಒಡ್ಡಿ ಉಂಡ. ಗೌಡರು ಆ ಮುದ್ದೆ ಕೊಟ್ಟದ್ದು ಕೂಲಿ ಕೊಡದೆ ಇರುವುದಕ್ಕೆ. ಕೊಟ್ಟಿಗೆಯ ಎತ್ತಿಗೆ ಹುಲ್ಲು, ಜೀತದಾಳಿಗೆ ಮುದ್ದೆ, ಎರಡೂ ಒಂದೇ ಖರ್ಚು. 1976ರಲ್ಲಿ ಜೀತ ರದ್ದತಿ ಕಾನೂನು ಬಂತು. ಜೀತವೇನೋ ಕಾಗದದಲ್ಲಿ ರದ್ದಾಯಿತು, ಅನ್ನದ ಋಣ ಎಂಬ ಮಾತು ರದ್ದಾಗಲಿಲ್ಲ. ಆ ಮಾತು ಈಗ ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು ಕಾರ್ಖಾನೆಯ ಗೇಟಿನೊಳಗೆ ಬಂದಿದೆ. ಸಂಬಳ ಹೆಚ್ಚಿಸಿ ಅಂತ ಕೇಳಿದರೆ, "ಕಂಪನಿ ಊಟಾನೂ ಹಾಕ್ತದಲ್ಲಪ್ಪ, ಇನ್ನೇನು ಬೇಕು ನಿಮಗೆ?" ಅನ್ನುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರದ ಒಂದು ಊರಿಗೆ ಹೋಗಿ ಬರೋಣ. ಅಲ್ಲಿ ನಮ್ಮ ಗೌಡರಿಲ್ಲ, ನಮ್ಮ ಹಟ್ಟಿಯಿಲ್ಲ. ಹಾಗಾಗಿ ಒಡೆಯನ ಲೆಕ್ಕ ಇನ್ನೂ ನಿಚ್ಚಳವಾಗಿ ಕಾಣುತ್ತದೆ.

ಜರ್ಮನಿಯಲ್ಲಿ ವೋಲ್ಫ್ಸ್‌ಬುರ್ಗ್ ಎಂಬ ಊರಿದೆ. ಫೋಕ್ಸ್‌ವ್ಯಾಗನ್ ಕಾರು ತಯಾರಾಗುವ ಊರು. ಕಾರು ಮಾಡುವ ಈ ಕಂಪನಿ 1973ರಿಂದ ತನ್ನದೇ ಮಾಂಸದ ಖಾತೆ ಇಟ್ಟುಕೊಂಡು ಹಂದಿ ಮಾಂಸದ ಸಾಸೇಜ್ ತಯಾರಿಸುತ್ತಿದೆ. ಟೊಮ್ಯಾಟೊ ಗೊಜ್ಜು ಸುರಿದು, ಮೇಲೆ ಕರಿಪುಡಿ ಉದುರಿಸಿ ಕೊಡುವ ಈ ತಿಂಡಿಗೆ ಕರಿವುರ್ಸ್ಟ್ ಎಂದು ಹೆಸರು. ಕಾರಿನ ಕ್ಲಚ್ಚಿಗೆ, ಕನ್ನಡಿಗೆ ಇರುವ ಹಾಗೆ ಇದಕ್ಕೂ ಕಂಪನಿ ಒಂದು ಬಿಡಿಭಾಗದ ನಂಬರು ಕೊಟ್ಟಿದೆ: 199 398 500 ಎ. 2024ರಲ್ಲಿ 85 ಲಕ್ಷಕ್ಕೂ ಹೆಚ್ಚು ಸಾಸೇಜ್ ಮಾರಾಟವಾದವು. ಆ ವರ್ಷ ಆ ಹೆಸರು ಹೊತ್ತ ಕಾರುಗಳೂ ಅಷ್ಟು ಮಾರಾಟವಾಗಲಿಲ್ಲ.

ಹಂದಿ ತಿನ್ನುವವರು ಅಂತ ನಮ್ಮವರನ್ನು ಊರಾಚೆ ಇಟ್ಟ ದೇಶದಲ್ಲಿ ಕೂತು ಇದನ್ನು ಓದುತ್ತಿದ್ದೇವೆ. ಅಲ್ಲಿ ಅದೇ ಹಂದಿ ಮಾಂಸಕ್ಕೆ ಕಾರಿನ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಬಿಡಿಭಾಗದ ನಂಬರು ಕಂಡು ಜಗತ್ತು ನಗುತ್ತದೆ. ನಮಗೆ ಅದು ನಗುವ ವಿಷಯವಲ್ಲ. ತಮಾಷೆಗೆ ಕೊಟ್ಟ ನಂಬರಿನಲ್ಲಿ ಒಡೆಯ ಬಾಯಿತಪ್ಪಿ ನಿಜ ಹೇಳಿದ್ದಾನೆ. ಕೆಲಸಗಾರನ ಹೊಟ್ಟೆಗೆ ಹೋಗುವುದೂ ಕಾರಿನ ಒಂದು ಭಾಗವೇ. ಅದಿಲ್ಲದೆ ಕಾರು ಹೊರಗೆ ಬರುವುದಿಲ್ಲ.

ಕಾರು ಮಾಡುವವನು ಸಾಸೇಜ್ ಯಾಕೆ ಮಾಡಬೇಕು? ಪೇಟೆಯಲ್ಲಿ ಸಿಗುವುದಿಲ್ಲವೆ? ಲೆಕ್ಕ ಹಾಕಿ ನೋಡೋಣ.

ಮೊದಲನೆಯದು ಹೊತ್ತು. ದೊಡ್ಡ ಕಾರ್ಖಾನೆಯಲ್ಲಿ ಸಾಲು ಓಡುತ್ತಿರುತ್ತದೆ, ಅದು ಯಾರಿಗೂ ಕಾಯುವುದಿಲ್ಲ. ಹತ್ತಾರು ಸಾವಿರ ಜನ ಹಸಿದು ಗೇಟು ದಾಟಿ ಊರೊಳಗೆ ಹೋಗಿ ಉಂಡು ಬರಬೇಕಾದರೆ ಎಷ್ಟು ಹೊತ್ತು ಬೇಕು? ಅರ್ಧ ಗಂಟೆಯ ಬಿಡುವು ಒಂದೂವರೆ ಗಂಟೆಯಾಗುತ್ತದೆ. ಊಟವನ್ನು ಯಂತ್ರದ ಪಕ್ಕಕ್ಕೇ ತಂದರೆ ಉಳಿದ ಒಂದು ಗಂಟೆ ಒಡೆಯನದು. ಅಷ್ಟು ಜನಕ್ಕೆ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ, ಒಂದು ದಿನವೂ ತಪ್ಪದೆ ಊಟ ಸಿಗಬೇಕಾದರೆ ಪೇಟೆಯ ಅಂಗಡಿಯನ್ನು ನಂಬಿ ಕೂರಲಾಗದು. ಬೋಲ್ಟು ತಪ್ಪಿದರೆ ಸಾಲು ನಿಲ್ಲುವ ಹಾಗೆ ಊಟ ತಪ್ಪಿದರೂ ಸಾಲು ನಿಲ್ಲುತ್ತದೆ. ಅದಕ್ಕೇ ಸ್ವಂತ ತಯಾರಿಕೆ.

ಎರಡನೆಯದು ಮೈ. ಯಂತ್ರಕ್ಕೆ ಎಣ್ಣೆ, ಮೈಗೆ ಊಟ. ಹಸಿದ ಕೈ ತಪ್ಪುತ್ತದೆ, ಮಾಲು ಕೆಡುತ್ತದೆ, ಬೆರಳು ತುಂಡಾಗುತ್ತದೆ. ಬೆರಳು ತುಂಡಾದರೆ ಒಡೆಯನಿಗೆ ನೋವಿಲ್ಲ, ಯಂತ್ರ ನಿಂತರೆ ನೋವು.

ಮೂರನೆಯದು ಕೂಲಿ. ಪೇಟೆಯಲ್ಲಿ ನೂರು ರೂಪಾಯಿಯ ಊಟ ಒಳಗೆ ಹತ್ತಕ್ಕೆ ಸಿಕ್ಕರೆ, ಕೆಲಸಗಾರ ತೊಂಬತ್ತು ರೂಪಾಯಿಯ ಸಂಬಳ ಕೇಳುವುದನ್ನು ಮರೆಯುತ್ತಾನೆ. ಆ ಊಟವನ್ನು ರಾಶಿಯಲ್ಲಿ ಬೇಯಿಸುವ ಒಡೆಯನಿಗೆ ಬಿದ್ದ ಖರ್ಚು ತೊಂಬತ್ತಲ್ಲ. ಸಂಬಳವಾಗಿ ಕೊಟ್ಟಿದ್ದರೆ ಅದು ಭವಿಷ್ಯ ನಿಧಿಗೆ, ಗ್ರಾಚ್ಯುಟಿಗೆ ಲೆಕ್ಕವಾಗುತ್ತಿತ್ತು. ಸಾರಾಗಿ ಕೊಟ್ಟರೆ ಅಲ್ಲಿಗೇ ಮುಗಿಯಿತು.

ನಾಲ್ಕನೆಯದು ಕಣ್ಣು. ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ಸಂಘ ಹುಟ್ಟುತ್ತದೆ. ಒಳಗಿನ ಕ್ಯಾಂಟೀನಿನಲ್ಲಿ ಮೇಸ್ತ್ರಿಯ ಕಣ್ಣಿರುತ್ತದೆ.

ಐದನೆಯದು ಮನಸ್ಸು. ಇದೇ ಎಲ್ಲಕ್ಕಿಂತ ದೊಡ್ಡದು. ನಮ್ಮ ಕಂಪನಿ, ನಮ್ಮ ಸಾಸೇಜ್, ನಾವೆಲ್ಲ ಒಂದೇ ಮನೆ. ಜರ್ಮನಿಯ ಎಸೆನ್ ಊರಿನಲ್ಲಿ ಉಕ್ಕು ಮತ್ತು ಫಿರಂಗಿ ಮಾಡುತ್ತಿದ್ದ ಆಲ್‌ಫ್ರೆಡ್ ಕ್ರುಪ್ 1868ರಲ್ಲಿ ಕೆಲಸಗಾರರಿಗಾಗಿ ಕಂಪನಿಯ ದಿನಸಿ ವ್ಯವಸ್ಥೆ ತೆರೆದ. ಅದೇ ಕ್ರುಪ್ 1877ರಲ್ಲಿ ತನ್ನ ಕೆಲಸಗಾರರಿಗೆ ಅಚ್ಚು ಹಾಕಿಸಿ ಹಂಚಿದ ಬುದ್ಧಿಮಾತೇನು? ರಾಜಕೀಯದ ಗೊಡವೆ ನಿಮಗೆ ಬೇಡ, ಮನೆ ಮಠ ನೋಡಿಕೊಳ್ಳಿ ಅಂತ. ದಿನಸಿ ಕೊಟ್ಟ ಕೈಯೇ ಬಾಯಿಗೆ ಬೀಗ ಹಾಕಲು ನೋಡಿತು.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಮಾತು ಹೇಳಿದ ಹಾಗಾಗುತ್ತದೆ. ಒಡೆಯನ ಈ ಐದು ಲೆಕ್ಕ ಯಾವಾಗಲೂ ಇತ್ತು. ಹಾಗಿದ್ದರೆ ಕೆಲಸಗಾರನ ತಟ್ಟೆ ಯಾವಾಗಲೂ ಒಂದೇ ಆಗಿರಬೇಕಿತ್ತಲ್ಲ? ಆಗಿರಲಿಲ್ಲ. ವೋಲ್ಫ್ಸ್‌ಬುರ್ಗಿನ ಚರಿತ್ರೆಯನ್ನೇ ತೆಗೆದು ನೋಡಿ.

1933ರ ಮೇ ತಿಂಗಳಲ್ಲಿ ಹಿಟ್ಲರನ ಜನ ಜರ್ಮನಿಯ ಕಾರ್ಮಿಕ ಸಂಘಗಳ ಕಚೇರಿಗೆ ನುಗ್ಗಿದರು. ನಾಯಕರನ್ನು ಹಿಡಿದುಹಾಕಿದರು, ಕೆಲಸಗಾರರು ಕಾಸಿಗೆ ಕಾಸು ಕೂಡಿಸಿದ್ದ ಸಂಘದ ಆಸ್ತಿಯನ್ನು ಕಿತ್ತುಕೊಂಡರು. ಆ ದುಡ್ಡು ಬಿದ್ದ ಕಾರ್ಖಾನೆಯೇ 1938ರಲ್ಲಿ ಅಡಿಗಲ್ಲು ಹಾಕಿದ ಈ ಕಾರ್ಖಾನೆ. ಯುದ್ಧ ಬಂತು. ಸುಮಾರು 20,000 ಜನರನ್ನು ಬಲವಂತದಿಂದ ಇಲ್ಲಿ ದುಡಿಸಿಕೊಂಡರು. ಪೋಲೆಂಡಿನವರು, ಸೋವಿಯತ್ ನಾಡಿನವರು, ಯುದ್ಧ ಕೈದಿಗಳು, ಯಾತನಾ ಶಿಬಿರದ ಯಹೂದಿಗಳು. ಊಟದ ಅಳತೆ ಕೆಲಸದ ಮೇಲಿರಲಿಲ್ಲ, ಹುಟ್ಟಿನ ಮೇಲಿತ್ತು. ಜರ್ಮನರು ಮೇಲಿನ ಮೆಟ್ಟಿಲು, ಪೋಲೆಂಡಿನವರು ಮತ್ತು ಸೋವಿಯತ್ ಜನ ಕೆಳಗಿನ ಮೆಟ್ಟಿಲು. ಕೆಳಗಿದ್ದವರಿಗೆ ನೀರಿನಂಥ ಸೂಪು. ಇದನ್ನು ಓದುವಾಗ ನಮಗೆ ಪರದೇಶದ ಕತೆ ಅನ್ನಿಸಲಿಲ್ಲ. ಹುಟ್ಟು ನೋಡಿ ತಟ್ಟೆ ಹಾಕುವ ಏಣಿ ಯಾವುದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಹೆಂಗಸರಿಗೆ ಕೂಸು ಹುಟ್ಟಿದರೆ, ತಾಯಿ ಬೇಗ ಯಂತ್ರಕ್ಕೆ ಮರಳಲಿ ಅಂತ ಕೂಸನ್ನು ಕಿತ್ತು ಬೇರೆ ಕಡೆ ಇಟ್ಟರು. ಕೊನೆಗೆ ರ‍್ಯೂಹೆನ್ ಎಂಬ ಹಳ್ಳಿಯಲ್ಲಿ ಇಟ್ಟ ಆ ಕೂಸುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಸತ್ತವು. ರೋಗ, ಹೊಲಸು, ಹಸಿವು. ಅದನ್ನು ನೋಡಿಕೊಳ್ಳಬೇಕಾಗಿದ್ದ ವೈದ್ಯನನ್ನು ಯುದ್ಧ ಮುಗಿದ ಮೇಲೆ ಬ್ರಿಟಿಷರ ನ್ಯಾಯಾಲಯ ಗಲ್ಲಿಗೆ ಹಾಕಿತು.

ಅದೇ ಊರು, ಅದೇ ಕಾರ್ಖಾನೆ. 1944ರಲ್ಲಿ ಕೂಸಿಗೆ ಹಾಲಿಲ್ಲ. 1973ರಲ್ಲಿ ಕೆಲಸಗಾರನಿಗೆ ಕಂಪನಿಯೇ ಮಾಡಿದ ಸಾಸೇಜ್. ನಡುವೆ ಏನಾಯಿತು? ಒಡೆಯನಿಗೆ ಕರುಣೆ ಹುಟ್ಟಿತೆ? ಇಲ್ಲ. ಹಿಟ್ಲರ್ ಸೋತ. ಸಂಘ ಮತ್ತೆ ಎದ್ದು ನಿಂತಿತು. ಮಾಲಿಗೆ ಬೇಡಿಕೆ ಏರಿತು, ದುಡಿಯುವ ಕೈಗಳಿಗೆ ಬರ ಬಂತು. 1960ರಲ್ಲಿ ಆ ಕಂಪನಿಗೆಂದೇ ಕಾನೂನು ಬಂತು. ಅಲ್ಲಿನ ರಾಜ್ಯ ಸರ್ಕಾರದ ಪಾಲು ಒಳಗೆ ಉಳಿಯಿತು. ಕಂಪನಿಯ ಮೇಲ್ವಿಚಾರಣೆ ಮಾಡುವ ಮಂಡಳಿಯಲ್ಲಿ ಇವತ್ತು ಅರ್ಧ ಕುರ್ಚಿ ಕೆಲಸಗಾರರ ಪ್ರತಿನಿಧಿಗಳದ್ದು. ಕೆಲಸಗಾರನಿಗೆ ಕುರ್ಚಿ ಸಿಕ್ಕ ಕಡೆ ತಟ್ಟೆ ತುಂಬಿತು. ಒಡೆಯನ ಲೆಕ್ಕ ಬದಲಾಗಲಿಲ್ಲ, ಎದುರಿನವರ ಬಲ ಬದಲಾಯಿತು.

ಇದೇ ನಮ್ಮ ವಾದ. ಒಡೆಯ ಊಟ ಯಾಕೆ ಹಾಕುತ್ತಾನೆ ಎಂಬುದಕ್ಕೆ ಅವನ ಲಾಭದಲ್ಲಿ ಉತ್ತರವಿದೆ. ಎಂಥ ಊಟ, ಯಾರಿಗೆ ಊಟ ಎಂಬುದಕ್ಕೆ ಉತ್ತರ ನಮ್ಮ ಒಗ್ಗಟ್ಟಿನಲ್ಲಿದೆ.

2021ರಲ್ಲಿ ವೋಲ್ಫ್ಸ್‌ಬುರ್ಗಿನ ಮುಖ್ಯ ಕಚೇರಿಯ ಕ್ಯಾಂಟೀನಿನಲ್ಲಿ ಮಾಂಸ ನಿಲ್ಲಿಸಿದರು. ಪರಿಸರ, ಆರೋಗ್ಯ ಎಂಬ ಕಾರಣ ಕೊಟ್ಟರು. ದೇಶದ ಮಾಜಿ ಪ್ರಧಾನಿ ಗೆರ್‌ಹಾರ್ಡ್ ಶ್ರೋಡರ್ ಎದ್ದು, ಅದು ದುಡಿಯುವವರ ಬಲದ ತಿಂಡಿ, ತೆಗೆಯಬೇಡಿ ಅಂತ ಬರೆದ. 2023ರಲ್ಲಿ ಸಾಸೇಜ್ ಆ ಕ್ಯಾಂಟೀನಿಗೆ ವಾಪಸು ಬಂತು. ಇಷ್ಟರಿಂದ ಅಲ್ಲಿ ರಾಮರಾಜ್ಯ ಬಂತೆಂದು ಯಾರೂ ತಿಳಿಯಬೇಡಿ. ಸಾಸೇಜ್ ದಾಖಲೆ ಮುಟ್ಟಿದ 2024ರಲ್ಲೇ ಕಂಪನಿ ಕಾರ್ಖಾನೆ ಮುಚ್ಚುತ್ತೇವೆ, ಸಂಬಳ ಕಡಿಯುತ್ತೇವೆ ಎಂದಿತು. ಲಕ್ಷದಷ್ಟು ಜನ ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಡಿಸೆಂಬರಿನಲ್ಲಿ ಒಪ್ಪಂದವಾಯಿತು. ಕಾರ್ಖಾನೆ ಮುಚ್ಚುವುದು ತಪ್ಪಿತು, ಬಲವಂತವಾಗಿ ಹೊರಹಾಕುವುದೂ ತಪ್ಪಿತು. ಆದರೆ 2030ರೊಳಗೆ 35,000ಕ್ಕೂ ಹೆಚ್ಚು ಕೆಲಸಗಳನ್ನು ಇಳಿಸುವುದೆಂದು ತೀರ್ಮಾನವಾಯಿತು. ನಮ್ಮ ಸಾಸೇಜ್, ನಮ್ಮ ಮನೆ ಎಂಬ ಮಾತು ಆ ದಿನ ಯಾರ ಕೆಲಸವನ್ನೂ ಕಾಯಲಿಲ್ಲ. ಕಾದದ್ದು ಬೀದಿಗೆ ಬಂದ ಸಂಘ. ಅದೂ ಕಾದದ್ದು ಅಷ್ಟನ್ನೇ.

ಸಂಘವಿಲ್ಲದ ಕಡೆ ಒಡೆಯ ಊಟ ಹಾಕಿದರೆ ಏನಾಗುತ್ತದೆ? ಅದಕ್ಕೂ ಸಾಕ್ಷಿಯಿದೆ. ಅಮೆರಿಕದ ಕಾರು ದೊರೆ ಹೆನ್ರಿ ಫೋರ್ಡ್ ಟೈರಿಗೆ ರಬ್ಬರು ಬೇಕೆಂದು ಬ್ರೆಜಿಲಿನ ಅಮೆಜಾನ್ ಕಾಡಿನಲ್ಲಿ ತನ್ನ ಹೆಸರಿನದೇ ಊರು ಕಟ್ಟಿಸಿದ, ಫೋರ್ಡ್‌ಲ್ಯಾಂಡಿಯ. ಕಾಡಿನ ಜನ ಏನು ಉಣ್ಣಬೇಕು ಎಂಬುದನ್ನೂ ಅವನೇ ಗೊತ್ತು ಮಾಡಿದ. ಓಟ್ಸ್ ಗಂಜಿ, ಡಬ್ಬಿಯ ಹಣ್ಣು, ಪಾಲಿಶ್ ಮಾಡದ ಅಕ್ಕಿ, ಇಡೀ ಗೋಧಿಯ ಬ್ರೆಡ್ಡು. ಒಳ್ಳೆಯ ಊಟವೇ ಇರಬಹುದು, ಆದರೆ ಉಣ್ಣುವವರನ್ನು ಯಾರೂ ಕೇಳಲಿಲ್ಲ. ಊಟದ ದುಡ್ಡನ್ನು ಸಂಬಳದಲ್ಲೇ ಹಿಡಿದರು. 1930ರ ಡಿಸೆಂಬರಿನಲ್ಲಿ, ಕೂತವರಿಗೆ ಬಡಿಸುವುದನ್ನು ನಿಲ್ಲಿಸಿ, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಿ ಎಂದರು. ಅವತ್ತು ಜನ ಸಿಡಿದರು. ಊಟದ ಮನೆ ಪುಡಿಯಾಯಿತು. ಹಾಜರಿ ಒತ್ತುವ ಗಡಿಯಾರಗಳೂ ಪುಡಿಯಾದವು. ಯಜಮಾನರು ದೋಣಿ ಹತ್ತಿ ನದಿಯ ನಡುವೆ ಹೋಗಿ ನಿಂತರು, ಸೈನ್ಯ ಬಂತು. ಊಟಕ್ಕಾಗಿ ಎದ್ದವರು ಗಡಿಯಾರವನ್ನು ಯಾಕೆ ಒಡೆದರು? ಯಾಕೆಂದರೆ ಆ ತಟ್ಟೆ ಮತ್ತು ಆ ಗಡಿಯಾರ ಒಂದೇ ಕೈಯವು ಅಂತ ಅವರಿಗೆ ಗೊತ್ತಿತ್ತು. 1945ರಲ್ಲಿ ಫೋರ್ಡ್ ಕಂಪನಿ ಆ ಊರನ್ನೇ ಬ್ರೆಜಿಲ್ ಸರ್ಕಾರಕ್ಕೆ ಮಾರಿ ಹೊರಟಿತು.

ಈಗ ನಮ್ಮ ದೇಶಕ್ಕೆ ಬರೋಣ.

ಇಲ್ಲಿ ಕ್ಯಾಂಟೀನು ಒಡೆಯನ ಕೊಡುಗೆ ಅಂತ ತಿಳಿದವರು ಕಾನೂನನ್ನು ಓದಲಿ. 1948ರ ಕಾರ್ಖಾನೆ ಕಾನೂನಿನ 46ನೇ ಕಲಂ, 250ಕ್ಕೂ ಹೆಚ್ಚು ಕೆಲಸಗಾರರಿರುವ ಕಾರ್ಖಾನೆ ಕ್ಯಾಂಟೀನು ನಡೆಸಲೇಬೇಕೆಂದು ನಿಯಮ ಮಾಡಲು ರಾಜ್ಯ ಸರ್ಕಾರಗಳಿಗೆ ಅಧಿಕಾರ ಕೊಟ್ಟಿತು. ಕ್ಯಾಂಟೀನಿನ ಆಡಳಿತಕ್ಕೆ ಸಮಿತಿ ಇರಬೇಕು, ಅದರಲ್ಲಿ ಕೆಲಸಗಾರರ ಪ್ರತಿನಿಧಿಗಳಿರಬೇಕು ಎಂಬುದಕ್ಕೂ ಅಲ್ಲೇ ಜಾಗವಿತ್ತು. 1976ರ ತಿದ್ದುಪಡಿ, ಕ್ಯಾಂಟೀನು ನಡೆಸುವ ಕೆಲವು ಖರ್ಚನ್ನು ಊಟದ ಬೆಲೆಗೆ ಸೇರಿಸದೆ ಒಡೆಯನೇ ಹೊರಬೇಕೆಂದು ಸೇರಿಸಿತು. 2020ರಲ್ಲಿ ಪಾಸಾಗಿ 2025ರ ನವೆಂಬರಿನಲ್ಲಿ ಜಾರಿಗೆ ತಂದ ಹೊಸ ಸಂಹಿತೆ 250ನ್ನು 100ಕ್ಕೆ ಇಳಿಸಿತು, ಗುತ್ತಿಗೆಯವರನ್ನೂ ಲೆಕ್ಕಕ್ಕೆ ಸೇರಿಸಿತು. ಈ ಸಂಹಿತೆಗಳು ಬೇರೆ ಕಡೆ ಕೆಲಸಗಾರನಿಂದ ಕಿತ್ತದ್ದು ಬಹಳ, ಅದರ ಜಗಳ ಬೇರೆ ಇದೆ. ಆದರೆ ಇದೊಂದು ಕಲಂ ಕೈಗೆ ಸಿಕ್ಕಿದೆ, ಹಿಡಿದುಕೊಳ್ಳಬೇಕು.

ಕಾನೂನು ಪುಸ್ತಕದಲ್ಲಿದೆ, ಕ್ಯಾಂಟೀನಿನಲ್ಲಿ ಏನಿದೆ? ಕಾಯಂ ಕೆಲಸಗಾರನಿಗೆ ಒಂದು ಬಣ್ಣದ ಅಂಗಿ, ಗುತ್ತಿಗೆಯವನಿಗೆ ಇನ್ನೊಂದು ಬಣ್ಣ. ಇಬ್ಬರೂ ಒಂದೇ ಬೋಲ್ಟನ್ನು ಬಿಗಿಯುತ್ತಾರೆ. ಉಣ್ಣುವ ಹೊತ್ತಿಗೆ ಒಬ್ಬನಿಗೆ ಒಂದು ದರದ ಕೂಪನ್ನು, ಇನ್ನೊಬ್ಬನಿಗೆ ಮನೆಯ ಡಬ್ಬಿ. ಮೊದಲು ಊರಿಗೊಂದು ಬಾವಿ ಹಟ್ಟಿಗೊಂದು ಬಾವಿ ಇತ್ತು, ಈಗ ಅಂಗಿಗೊಂದು ಸಾಲು.

2021ರ ಡಿಸೆಂಬರಿನಲ್ಲಿ ತಮಿಳುನಾಡಿನ ಶ್ರೀಪೆರಂಬುದೂರಿನ ಹೆಣ್ಣುಮಕ್ಕಳು ಏನು ಮಾಡಿದರೆಂದು ನೆನೆಯಿರಿ. ಆಪಲ್ ಕಂಪನಿಯ ಫೋನ್ ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆಯ ಕೆಲಸಗಾರ್ತಿಯರು. ಹಾಸ್ಟೆಲಿನ ಊಟ ತಿಂದು 150ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಉಳಿದವರು ಚೆನ್ನೈ–ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ಕಾರ್ಖಾನೆ ಮುಚ್ಚಿತು. ಹಾಸ್ಟೆಲ್ಲೂ ಊಟದ ಮನೆಯೂ ಸರಿಯಿಲ್ಲ ಅಂತ ಆಪಲ್ ಕಂಪನಿ ಆಮೇಲೆ ಒಪ್ಪಿಕೊಂಡಿತು. ಆ ಹಾಸ್ಟೆಲ್ ಅವತ್ತೇ ಕೆಟ್ಟದ್ದಲ್ಲ. ಹುಡುಗಿಯರು ರಸ್ತೆಯಲ್ಲಿ ಕೂತ ಮೇಲೆ ಕೆಟ್ಟದ್ದು ಅಂತ ಕಂಪನಿಯ ಕಣ್ಣಿಗೆ ಕಂಡಿತು.

ಇಲ್ಲಿಯವರೆಗೆ ನಮ್ಮ ಎಡಪಂಥೀಯ ಗೆಳೆಯರು ತಲೆದೂಗಿರುತ್ತಾರೆ. ಮುಂದಿನ ಮಾತಿಗೆ ತಲೆದೂಗುತ್ತಾರೋ ಇಲ್ಲವೋ, ನೋಡೋಣ.

ಬಂಡವಾಳ ಬಂದರೆ ಜಾತಿ ತಾನಾಗಿ ಸಾಯುತ್ತದೆ, ಯಂತ್ರಕ್ಕೆ ಮೈಲಿಗೆ ಇಲ್ಲ ಅನ್ನುತ್ತಾರೆ. ಮುಂಬಯಿಯ ಬಟ್ಟೆ ಗಿರಣಿಗಳನ್ನು ಕೇಳಿ. ನೇಯ್ಗೆ ಖಾತೆಯಲ್ಲಿ ಕೂಲಿ ಹೆಚ್ಚು. ಅಲ್ಲಿಗೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಯಾಕೆ? ಲಾಳಿಯ ಕಣ್ಣಿನಿಂದ ನೂಲು ಎಳೆಯಲು ಬಾಯಿ ಹಚ್ಚಿ ಹೀರಬೇಕಿತ್ತು. ನಮ್ಮವರ ಬಾಯಿ ಮುಟ್ಟಿದ ಲಾಳಿಗೆ ಸವರ್ಣ ಕೆಲಸಗಾರ ಬಾಯಿ ಹಚ್ಚಲು ಒಪ್ಪಲಿಲ್ಲ. ಒಡೆಯ ಒಪ್ಪಿಸಲು ಹೋಗಲಿಲ್ಲ. 1928ರ ಗಿರಣಿ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಈ ಪ್ರಶ್ನೆಯನ್ನು ಎತ್ತಿ, ಮುಷ್ಕರದ ನಾಯಕರ ಮುಖಕ್ಕೆ ಹಿಡಿದರು. ಯಂತ್ರಕ್ಕೆ ಮೈಲಿಗೆ ಇರಲಿಲ್ಲ, ನಿಜ. ಯಂತ್ರದ ಮುಂದೆ ನಿಂತವರಿಗೆ ಇತ್ತು.

ಲಾಳಿಗೇ ಹಾಗಾದರೆ ತಟ್ಟೆಗೆ ಹೇಗಿರಬೇಕು? ಕ್ಯಾಂಟೀನಿನಲ್ಲಿ ಒಲೆಯ ಮುಂದೆ ಯಾರು ನಿಂತಿದ್ದಾರೆ, ಎಂಜಲು ತಟ್ಟೆಯ ರಾಶಿಯ ಮುಂದೆ ಯಾರು ನಿಂತಿದ್ದಾರೆ ಅಂತ ಒಂದು ದಿನ ನಿಂತು ನೋಡಿ. ಹಳ್ಳಿಯಲ್ಲಿ ನಮ್ಮವರು ಎಂಜಲೆಲೆ ಎತ್ತಿದರು, ಇಲ್ಲಿ ಸ್ಟೀಲ್ ತಟ್ಟೆ ತೊಳೆಯುತ್ತಾರೆ. ಕ್ಯಾಂಟೀನನ್ನು ಗುತ್ತಿಗೆದಾರನಿಗೆ ಕೊಟ್ಟ ಕಡೆ ಕಂಪನಿ ಕೈ ತೊಳೆದುಕೊಳ್ಳುತ್ತದೆ: "ಅವರು ನಮ್ಮವರಲ್ಲ". ಸಾವಿರ ಜನಕ್ಕೆ ಬಡಿಸಿದವಳು ಕೊನೆಗೆ ತಳದ ಅನ್ನ ಉಣ್ಣುತ್ತಾಳೆ. ಕಾನೂನಿನ ಪ್ರಕಾರ ನಡೆಯುವ ರೈಲ್ವೆ ಕ್ಯಾಂಟೀನಿನ ಕೆಲಸಗಾರರು ರೈಲ್ವೆಯ ನೌಕರರೇ ಎಂದು 1990ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2001ರಲ್ಲಿ ಅದೇ ಕೋರ್ಟು ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ, ಗುತ್ತಿಗೆ ರದ್ದಾದರೂ ಗುತ್ತಿಗೆ ಕೆಲಸಗಾರ ತಾನಾಗಿ ಕಾಯಂ ಆಗುವುದಿಲ್ಲ ಎಂದಿತು. ಎಷ್ಟು ಸಂಘಗಳು ಸಾಂಬಾರಿನ ನೀರಿಗಾಗಿ ಮುಷ್ಕರ ಹೂಡಿವೆ! ಆ ಸಾಂಬಾರು ಕಾಸಿದವಳ ಸಂಬಳಕ್ಕಾಗಿ ಎಷ್ಟು ಹೂಡಿವೆ?

ಇನ್ನು ತಟ್ಟೆಯಲ್ಲಿ ಏನಿರಬೇಕು ಎಂಬ ಪ್ರಶ್ನೆ. ಒಂದು ಸಾಸೇಜ್ ತೆಗೆದದ್ದಕ್ಕೆ ಅಲ್ಲಿ ಮಾಜಿ ಪ್ರಧಾನಿ ಮಾತಾಡಿದ. ಇಲ್ಲಿ 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಯ ಮಕ್ಕಳಿಗೆ ಒಂದು ಮೊಟ್ಟೆ ಕೊಡಲು ಹೊರಟರೆ ಮಠಗಳು ಎದ್ದು ಬೇಡವೆಂದವು. ಬಡವರ ಮಕ್ಕಳ ತಟ್ಟೆಯನ್ನೇ ಬಿಡದವರು ಬಡವರ ಕ್ಯಾಂಟೀನನ್ನು ಬಿಡುತ್ತಾರೆಯೆ? ಶುದ್ಧ ಸಸ್ಯಾಹಾರ ಅಂತ ಬೋರ್ಡು ಹಾಕಿದ ಕ್ಯಾಂಟೀನಿನಲ್ಲಿ ಮೈಮುರಿದು ದುಡಿಯುವವರ ಊಟ ಅಶುದ್ಧವಾಗುತ್ತದೆ. ಸೊಪ್ಪು ಕಾಳಿನ ಮೇಲೆ ನಮಗೆ ಜಗಳವಿಲ್ಲ, ನಾವು ಬೆಳೆದದ್ದೇ ಅದರಲ್ಲಿ. ಜಗಳ ಆ "ಶುದ್ಧ" ಎಂಬ ಮಾತಿನ ಮೇಲೆ.

ಹಾಗಾದರೆ ಕಂಪನಿಯ ಊಟ ಬೇಡ ಅನ್ನೋಣವೆ? ದುಡ್ಡಾಗಿ ಕೊಡಿ, ನಾವೇ ಉಣ್ಣುತ್ತೇವೆ ಅನ್ನೋಣವೆ? ಕೆಲವು ಗೆಳೆಯರು ಹಾಗೆ ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಇವತ್ತು ಕೈಗೆ ಬಂದ ದುಡ್ಡನ್ನು ನಾಳೆ ಬೆಲೆ ಏರಿಕೆ ನುಂಗುತ್ತದೆ, ಕುದಿಯುವ ಹಂಡೆಯನ್ನು ನುಂಗಲಾರದು. ನಸುಕಿಗೆ ಎದ್ದು ಗಂಡ ಮಕ್ಕಳಿಗೆ ಬೇಯಿಸಿ, ತನ್ನ ಡಬ್ಬಿಗೆ ಉಳಿದದ್ದು ತುಂಬಿಕೊಂಡು ಬಸ್ಸು ಹಿಡಿಯುವ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಗಳನ್ನು ಕೇಳಿ. ಕಾರ್ಖಾನೆಯಲ್ಲಿ ಬಿಸಿ ಊಟ ಸಿಕ್ಕರೆ ಅವಳಿಗೆ ಸಿಗುವುದು ಒಂದು ಗಂಟೆಯ ನಿದ್ದೆ. ಆ ನಿದ್ದೆ ಬೇಡವೆನ್ನಲು ನಾವು ಯಾರು? ಮತ್ತೊಂದು ಮಾತು. ನೂರು ಜಾತಿಯ ಸಾವಿರ ಜನ ಒಂದೇ ಸೂರಿನಡಿ, ಒಂದೇ ಹಂಡೆಯಿಂದ ಉಣ್ಣುವ ಜಾಗ ಈ ದೇಶದಲ್ಲಿ ಎಷ್ಟಿವೆ? ದೇವಸ್ಥಾನಗಳಲ್ಲಿ ಪಂಕ್ತಿ ಬೇರೆ ಮಾಡಿದವರ ನಾಡಿನಲ್ಲಿ ಒಂದು ಕ್ಯಾಂಟೀನು ನೆಟ್ಟಗೆ ನಡೆದರೆ ಅದೇ ದೊಡ್ಡ ಸಹಪಂಕ್ತಿ. ಒಡೆಯ ನಮ್ಮನ್ನು ಅಲ್ಲಿ ಸೇರಿಸಿದ್ದು ಹೊತ್ತು ಉಳಿಸಲು. ಸೇರಿದ ಮೇಲೆ ಏನು ಮಾತಾಡಬೇಕು ಎಂಬುದು ನಮಗೆ ಬಿಟ್ಟದ್ದು.

ಅದಕ್ಕೆ ನಮ್ಮ ಬೇಡಿಕೆ ಇಷ್ಟು. ಊಟ ಹಕ್ಕಾಗಿ ಬರಲಿ, ಸಂಬಳಕ್ಕೆ ಬದಲಾಗಿ ಅಲ್ಲ. ಕಾಯಂ ಆಗಲಿ ಗುತ್ತಿಗೆಯಾಗಲಿ, ಒಂದೇ ಸಾಲು, ಒಂದೇ ತಟ್ಟೆ, ಒಂದೇ ದರ. ಒಲೆ ಮುಂದೆ ನಿಂತವರೂ ತಟ್ಟೆ ತೊಳೆಯುವವರೂ ಕಂಪನಿಯ ನೌಕರರು, ಅವರಿಗೂ ಅದೇ ಸಂಘದ ಚೀಟಿ. ಒಲೆಯ ಕೆಲಸಕ್ಕೆ ಜಾತಿ ನೋಡಬೇಡಿ, ತೊಳೆಯುವ ಕೆಲಸಕ್ಕೂ ನೋಡಬೇಡಿ. ಏನು ಬೇಯಬೇಕು ಎಂಬುದನ್ನು ಉಣ್ಣುವವರು ಆರಿಸಿದ ಸಮಿತಿ ಹೇಳಲಿ. ಮೊಟ್ಟೆ, ಮಾಂಸ ಬೇಕೆಂದವರಿಗೆ ಅದೂ ಇರಲಿ. ಸಮಿತಿಯಲ್ಲಿ ಹೆಣ್ಣುಮಕ್ಕಳಿರಲಿ, ಹಟ್ಟಿಯಿಂದ ಬಂದವರಿರಲಿ, ಅಡುಗೆಯವರಿರಲಿ.

ಗೆಳೆಯರೇ, ನಾಳೆ ಕೆಲಸಕ್ಕೆ ಹೋದಾಗ ಒಂದು ಮಾತು ಕೇಳಿ: ನಮ್ಮ ಕ್ಯಾಂಟೀನಿಗೆ ಸಮಿತಿ ಇದೆಯೆ? ಇದ್ದರೆ ಕೊನೆಯ ಸಭೆ ಯಾವಾಗ ಆಯಿತು, ಯಾರ ಸಹಿ ಬಿದ್ದಿದೆ? ಇಲ್ಲದಿದ್ದರೆ ಯಾಕಿಲ್ಲ? "ಊಟ ಹಾಕ್ತಾ ಇದ್ದೀವಲ್ಲಪ್ಪ" ಅಂತ ಉತ್ತರ ಬಂದರೆ ತಲೆ ತಗ್ಗಿಸಬೇಡಿ. ಆ ಅನ್ನ ನಾವು ದುಡಿದ ದುಡ್ಡಿನದು. ಋಣ ಇದ್ದರೆ ಅದು ಅವರ ಮೇಲಿದೆ. ವಸೂಲಿಗೆ ಬಂದಿದ್ದೇವೆ ಅಂತ ಹೇಳಿ.